ಹಿಮದ ದಾರಿಗೆ ಗಾಲಿಯ ಗಾಡಿ ಬರಬಹುದೇ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಅಲ್ಲಿನ ಸ್ನೋಮೊಬೈಲ್ ಕ್ಲಬ್ಬೊಂದರ ಸದಸ್ಯನಾಗಿದ್ದಾನೆ. ಹಿಮ ಬಿದ್ದ ಮೇಲೆ ಆ ಕ್ಲಬ್ಬಿನವರು ಕಾಡು ಮತ್ತು ಹೊಲಗಳ ನಡುವೆ ಹಾದುಹೋಗುವ ದಾರಿಗಳನ್ನು ಸಜ್ಜುಗೊಳಿಸಿ, ಫಲಕಗಳನ್ನು ನೆಟ್ಟು, ಚಳಿಗಾಲ ಮುಗಿಯುವವರೆಗೂ ನೋಡಿಕೊಳ್ಳುತ್ತಾರೆ. ಅದೇ ದಾರಿಗಳನ್ನು ಚಳಿಗಾಲದಲ್ಲಿ ಎಂಥ ನೆಲದ ಮೇಲೂ ಓಡುವ ನಾಲ್ಕು ಗಾಲಿಯ ಎಟಿವಿಗಳಿಗೂ (ಆಲ್ ಟೆರೇನ್ ವೆಹಿಕಲ್) ತೆರೆಯಬೇಕೆಂಬ ಬೇಡಿಕೆ ಅಲ್ಲಿ ಬಲವಾಗುತ್ತಿದೆ. ಕ್ಲಬ್ಬಿನ ಹಳಬರು ಅದನ್ನು ಒಪ್ಪುತ್ತಿಲ್ಲ. ಈ ವಿಷಯವಾಗಿ ಅವನೂ ನಾನೂ ಫೋನಿನಲ್ಲಿ ಎಷ್ಟೋ ಸಲ ವಾದ ಮಾಡಿದ್ದೇವೆ. ಹಿಮದ ಬಗ್ಗೆ ನನಗಿರುವ ಅನುಭವವು ಮನಾಲಿಯ ಪ್ರವಾಸದಲ್ಲಿ ಸೋಲಾಂಗ್ ಕಣಿವೆಯನ್ನು ಕಂಡಷ್ಟೇ. ಆದರೆ ಬೆಳಗಾವಿ, ಖಾನಾಪುರ, ಬೈಲಹೊಂಗಲ ತಾಲ್ಲೂಕುಗಳಲ್ಲಿ ರಸ್ತೆ ಮಾಡಿಸುವುದರಲ್ಲಿ ಮತ್ತು ಅದಕ್ಕಿಂತ ಹೆಚ್ಚಾಗಿ ಕೆಟ್ಟ ರಸ್ತೆಯನ್ನು ದುರಸ್ತಿ ಮಾಡಿಸುವುದರಲ್ಲಿ ನೌಕರಿಯನ್ನು ಸವೆಸಿದವನಾದ್ದರಿಂದ, ದಾರಿ ಯಾತರಿಂದ ಕೆಡುತ್ತದೆ ಎಂಬ ಪ್ರಶ್ನೆಯನ್ನು ನಾನು ಸುಮ್ಮನೆ ಬಿಡಲಾರೆ.

ಈ ಎರಡು ವಾಹನಗಳ ಪರಿಚಯ ನಮ್ಮ ಕಡೆ ಎಲ್ಲರಿಗೂ ಇರಲಾರದು. ಸ್ನೋಮೊಬೈಲಿಗೆ ಮುಂದೆ ಎರಡು ಸ್ಕೀ ಪಟ್ಟಿಗಳು, ಹಿಂದೆ ಯುದ್ಧದ ಟ್ಯಾಂಕಿಗಿರುವಂತಹ, ಆದರೆ ರಬ್ಬರಿನ, ಒಂದೇ ಅಗಲವಾದ ಸುತ್ತುಪಟ್ಟಿ. ಕೆನಡಾದ ಕ್ವೆಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಹಿಮದ ಮೇಲೆ ಓಡುವ ಗಾಡಿಗಾಗಿ 1930ರ ದಶಕದಲ್ಲಿಯೇ ಪ್ರಯತ್ನಪಟ್ಟವನು. 1934ರ ಚಳಿಗಾಲದಲ್ಲಿ, ರಸ್ತೆಗಳೆಲ್ಲ ಹಿಮದಿಂದ ಮುಚ್ಚಿಹೋಗಿ ಆಸ್ಪತ್ರೆಗೆ ಒಯ್ಯಲಾಗದೆ, ಅವನ ಎಳೆಯ ಮಗ ತೀರಿಕೊಂಡಿದ್ದ. ಅವನು ಮೊದಲು ಮಾರುಕಟ್ಟೆಗೆ ತಂದದ್ದು ಹಲವರು ಕೂತು ಹೋಗುವ ದೊಡ್ಡ ಗಾಡಿ. ಒಬ್ಬಿಬ್ಬರು ಸವಾರಿ ಮಾಡುವ ಸ್ಕೀ-ಡೂ ಬಂದದ್ದು 1959ರಲ್ಲಿ. ಅದೇ ಕಾಲಕ್ಕೆ ವಿಸ್ಕಾನ್ಸಿನ್ನಿನ ನೆರೆಯ ಮಿನ್ನೆಸೋಟಾ ರಾಜ್ಯದ ರೋಸೋ ಎಂಬ ಸಣ್ಣ ಊರಿನಲ್ಲಿ ಪೊಲಾರಿಸ್ ಕಂಪನಿಯೂ ಹಿಮದ ಗಾಡಿಗಳನ್ನು ಮಾಡತೊಡಗಿತ್ತು. ಎಟಿವಿ ಇದಕ್ಕಿಂತ ಕಿರಿಯದು. ಹೋಂಡಾ ಕಂಪನಿ 1970ರಲ್ಲಿ ದಪ್ಪ ಟೈರಿನ ಮೂರು ಗಾಲಿಯ ಗಾಡಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಅದು ಸುಲಭವಾಗಿ ಮಗುಚಿ ಬೀಳುತ್ತಿದ್ದ ಗಾಡಿ. ಅಪಘಾತಗಳು ಹೆಚ್ಚಿದಾಗ, 1988ರಲ್ಲಿ ಅಲ್ಲಿನ ಸರ್ಕಾರದೊಂದಿಗೆ ಆದ ಒಪ್ಪಂದದ ಪ್ರಕಾರ ತಯಾರಕರು ಮೂರು ಗಾಲಿಯ ಹೊಸ ಗಾಡಿಗಳ ಮಾರಾಟ ನಿಲ್ಲಿಸಿದರು. ಅಷ್ಟರಲ್ಲಿ ನಾಲ್ಕು ಗಾಲಿಯದು ಬಂದಿತ್ತು, ಇಂದು ಎಟಿವಿ ಎಂದರೆ ಅದೇ.

ಈ ವಾದದಲ್ಲಿ ಇಳಿದವರಲ್ಲಿ ಹೆಚ್ಚಿನವರು ದಾರಿಯ ಅಗಲವನ್ನು ಅಳೆಯುತ್ತಾ ಕೂಡುತ್ತಾರೆ. ಸ್ನೋಮೊಬೈಲ್ ಸುಮಾರು ನಾಲ್ಕು ಅಡಿ ಅಗಲ, ಎಟಿವಿಯೂ ಹೆಚ್ಚುಕಡಿಮೆ ಅಷ್ಟೇ, ಹಾಗಿದ್ದಮೇಲೆ ಒಂದೇ ದಾರಿಯಲ್ಲಿ ಎರಡೂ ಹೋದರೇನು ಎನ್ನುವುದು ಒಂದು ಪಕ್ಷ. ವೇಗ ಬೇರೆ, ಸ್ವಭಾವ ಬೇರೆ, ಅಪಘಾತವಾಗುತ್ತದೆ ಎನ್ನುವುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನನಗೆ ಮುಖ್ಯವಾಗಿ ಕಾಣುವುದು, ಇಬ್ಬರೂ ಓಡಾಡುವ ನೆಲ ಒಂದೇ ಅಲ್ಲ ಎಂಬುದು. ಎಟಿವಿ ಬೇಸಿಗೆಯಲ್ಲಿ ಓಡುವುದು ಮಣ್ಣಿನ ಮೇಲೆ. ಸ್ನೋಮೊಬೈಲ್ ಓಡುವುದು ಆ ಮಣ್ಣಿನ ಮೇಲೆ ಹಿಮದಿಂದ ಕಟ್ಟಿದ ಇನ್ನೊಂದು ರಸ್ತೆಯ ಮೇಲೆ. ಆ ರಸ್ತೆಯನ್ನು ಯಾರೋ ಕೈಯಾರೆ ಮಾಡಿರುತ್ತಾರೆ ಮತ್ತು ಕೆಲವೇ ದಿನಗಳಿಗೊಮ್ಮೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಈ ರಸ್ತೆ ಮಾಡುವ ಕ್ರಮವನ್ನು ತಂಗಿಯ ಮಗ ವಿವರಿಸಿದಾಗ ನನ್ನ ಹಳೆಯ ಕಸುಬಿನ ಎಷ್ಟೋ ಸಂಗತಿಗಳು ಅಲ್ಲಿಯೂ ಇವೆಯಲ್ಲ ಎಂದು ಅಚ್ಚರಿಯಾಯಿತು. ಬಿದ್ದ ಹಿಮ ತಾನಾಗಿಯೇ ರಸ್ತೆಯಾಗುವುದಿಲ್ಲ. ಅದರಲ್ಲಿ ಗಾಳಿಯೇ ಹೆಚ್ಚು. ಸ್ನೋಮೊಬೈಲುಗಳು ಓಡಾಡಿದಂತೆ, ಮುಖ್ಯವಾಗಿ ವೇಗ ಏರಿಸುವ ಮತ್ತು ಬ್ರೇಕ್ ಹಾಕುವ ಕಡೆಗಳಲ್ಲಿ, ಸಾಲುಸಾಲಾಗಿ ದಿಬ್ಬ ತಗ್ಗುಗಳು ಮೂಡುತ್ತವೆ. ಗರಸು ಹಾಕಿದ ಹಳ್ಳಿ ರಸ್ತೆಯ ಮೇಲೆ ಬಸ್ಸು ಓಡಾಡಿ ಮೂಡುವ ಅಡ್ಡ ಅಲೆಗಳಿಗೂ ಇದೇ ಕಾರಣ. ಗ್ರೂಮರ್ ಎಂಬ ದೊಡ್ಡ ಟ್ರ್ಯಾಕ್ಟರ್ ತನ್ನ ಹಿಂದೆ ಹಲವು ಅಲಗುಗಳಿರುವ ಉದ್ದನೆಯ ಚೌಕಟ್ಟನ್ನು ಎಳೆದುಕೊಂಡು ಹೋಗುತ್ತದೆ. ಅಲಗುಗಳು ದಿಬ್ಬಗಳನ್ನು ಬುಡದಿಂದ ಕೊಯ್ದು, ಹಿಮವನ್ನು ಪುಡಿ ಮಾಡಿ ತಿರುವಿ, ಗಾಳಿಯನ್ನು ಹೊರಹಾಕುತ್ತವೆ; ಹಿಂದಿನ ಅಗಲವಾದ ತಟ್ಟೆ ಆ ಪುಡಿಯನ್ನು ಒತ್ತಿ ಸಮ ಮಾಡುತ್ತದೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಹಲವು ತಾಸು ಚಳಿ ಬೇಕು, ಆ ಹೊತ್ತಿನಲ್ಲಿ ಯಾರೂ ಅದರ ಮೇಲೆ ಹೋಗಬಾರದು. ಆದ್ದರಿಂದಲೇ ಗ್ರೂಮರ್ ಕೆಲಸವನ್ನು ರಾತ್ರಿ ಮಾಡುತ್ತಾರೆ. ಚಾಲಕರಲ್ಲಿ ಅನೇಕರು ಕ್ಲಬ್ಬಿನ ಸ್ವಯಂಸೇವಕರು, ಹಗಲು ಬೇರೆ ನೌಕರಿ ಮಾಡುವವರು.

ಈಗ ಭಾರದ ಲೆಕ್ಕ ನೋಡೋಣ. ಸ್ನೋಮೊಬೈಲ್ ಮತ್ತು ಸವಾರ ಸೇರಿ ಮುನ್ನೂರು ಕಿಲೋ ದಾಟಿದರೂ, ಆ ಭಾರ ಅಗಲವಾದ ಪಟ್ಟಿಯ ಮೇಲೂ ಸ್ಕೀಗಳ ಮೇಲೂ ಹರಡಿಕೊಳ್ಳುವುದರಿಂದ ನೆಲದ ಮೇಲೆ ಬೀಳುವ ಒತ್ತಡ ಚದರ ಇಂಚಿಗೆ ಒಂದು ಪೌಂಡಿನಷ್ಟೂ ಇರುವುದಿಲ್ಲ. ಮನುಷ್ಯ ನಡೆದುಹೋದರೆ ಅವನ ಬೂಟು ಇದರ ಹಲವು ಪಟ್ಟು ಒತ್ತುತ್ತದೆ. ಎಟಿವಿಯ ಟೈರುಗಳಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ ಐದರಿಂದ ಏಳು ಪೌಂಡ್ ಗಾಳಿ ಇರುತ್ತದೆ. ಮೆತ್ತನೆಯ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ ಎಂಬ ರಸ್ತೆ ಎಂಜಿನಿಯರುಗಳ ಒರಟು ಲೆಕ್ಕವನ್ನು ಹಿಡಿದರೂ ಸ್ನೋಮೊಬೈಲಿಗಿಂತ ಐದು ಪಟ್ಟಿಗೂ ಮೇಲಾಯಿತು. ಅದರ ಮೇಲೆ ಟೈರಿನ ಗುಬುಟುಗಳು ಹಿಮವನ್ನು ಅಗೆಯುತ್ತವೆ. ತೀವ್ರ ಚಳಿಯಲ್ಲಿ, ಹಿಮ ಕಲ್ಲಿನಂತೆ ಗಟ್ಟಿಯಾಗಿದ್ದಾಗ, ಇದರಿಂದ ದೊಡ್ಡ ನಷ್ಟವಿಲ್ಲ. ಬಿಸಿಲೇರಿ ಹಿಮ ಮೆತ್ತಗಾದಾಗ ಮಾತ್ರ ಎರಡು ಉದ್ದನೆಯ ಗಾಲಿಜಾಡುಗಳು ಬೀಳುತ್ತವೆ, ರಾತ್ರಿಯ ಚಳಿಗೆ ಅವು ಹಾಗೆಯೇ ಹೆಪ್ಪುಗಟ್ಟುತ್ತವೆ. ಮರುದಿನ ವೇಗವಾಗಿ ಬರುವ ಸ್ನೋಮೊಬೈಲಿನ ಸ್ಕೀ ಆ ಜಾಡಿನೊಳಗೆ ಸಿಕ್ಕಿಕೊಂಡರೆ ಗಾಡಿ ಸವಾರನ ಮಾತು ಕೇಳುವುದಿಲ್ಲ, ಜಾಡು ಎತ್ತ ಹೋಗುತ್ತದೋ ಅತ್ತಲೇ ಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು. ಇಂದಿನ ಸ್ನೋಮೊಬೈಲುಗಳಲ್ಲಿ ಹೆಚ್ಚಿನವಕ್ಕೆ ಕಾರಿಗಿರುವಂತಹ ರೇಡಿಯೇಟರ್ ಮುಖ್ಯವಲ್ಲ. ಸುತ್ತುಪಟ್ಟಿ ಎರಚುವ ಹಿಮದ ಪುಡಿ ಗಾಡಿಯ ಒಳಬದಿಯ ಕೊಳವೆಗಳಿಗೆ ಬಡಿದು ಎಂಜಿನ್ನಿನ ನೀರನ್ನು ತಣಿಸುತ್ತದೆ, ಪಟ್ಟಿ ಜಾರುವ ಪ್ಲಾಸ್ಟಿಕ್ ಹಳಿಗಳಿಗೂ ಅದೇ ಹಿಮವೇ ಎಣ್ಣೆಯ ಕೆಲಸ ಮಾಡುತ್ತದೆ. ಗಾಲಿಗಳು ಹಿಮವನ್ನು ಪಕ್ಕಕ್ಕೆ ತಳ್ಳಿ ಮಣ್ಣನ್ನೋ ಬರಿಯ ಮಂಜುಗಡ್ಡೆಯನ್ನೋ ಹೊರಗೆಡವಿದರೆ, ಹಿಂದಿನಿಂದ ಬಂದ ಸ್ನೋಮೊಬೈಲ್ ಕಾದು ನಿಲ್ಲುತ್ತದೆ. ಎಟಿವಿಗೆ ಹಿಮವಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇನ್ನೊಂದು ಗಾಡಿಗೆ ಹಾಗಲ್ಲ. ಎರಡನ್ನೂ ಸಮಾನವೆಂದು ಹಿಡಿದು ನಿಯಮ ಮಾಡುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

“ಮಾಮಾ, ರಾತ್ರಿ ಎರಡರತನಕ ಗ್ರೂಮರ್ ನಡಿಸಿರ್ತೀವಿ, ಮುಂಜಾನೆ ಎದ್ದು ನೋಡಿದ್ರ ಎರಡು ಗಟಾರ ತೋಡಿಟ್ಟು ಹೋಗಿರ್ತಾರ. ಅವರು ಒಂದು ಪಾಸ್‌ನೂ ತಗೊಂಡಿರಂಗಿಲ್ಲ,” ಎಂದು ಅವನು ಒಮ್ಮೆ ಸಿಟ್ಟಿನಿಂದ ಹೇಳಿದ. “ಪಾಸ್ ತಗೊಂಡ್ರ ಗಟಾರ ಬೀಳೂದಿಲ್ಲೇನಪಾ?” ಎಂದು ನಾನು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದ. ಹಣದ ಪ್ರಶ್ನೆ ಮತ್ತು ಹಿಮದ ಪ್ರಶ್ನೆ ಎರಡೂ ಅವನ ಸಿಟ್ಟಿನಲ್ಲಿ ಕಲಸಿಹೋಗಿದ್ದವು, ಮತ್ತು ಆ ಇಡೀ ವಾದದಲ್ಲಿಯೇ ಅವು ಹೀಗೆ ಕಲಸಿಹೋಗಿವೆ.

ಹಣದ ವ್ಯವಸ್ಥೆ ಅಲ್ಲಿ ಕುತೂಹಲಕರವಾಗಿದೆ. ಗಾಡಿಯ ನೋಂದಣಿ ಶುಲ್ಕ, ದಾರಿಯ ಪಾಸು, ಇಂಧನ ತೆರಿಗೆಯ ಒಂದು ಪಾಲು, ಇವು ರಾಜ್ಯದ ಖಜಾನೆಗೆ ಸೇರಿ ಅಲ್ಲಿಂದ ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ಮೂಲಕ ಕ್ಲಬ್ಬುಗಳಿಗೆ ಅನುದಾನವಾಗಿ ಬರುತ್ತವೆ. ಇದಲ್ಲದೆ ಕೇಂದ್ರ ಸರ್ಕಾರವು 1991ರ ಸಾರಿಗೆ ಕಾಯ್ದೆಯಲ್ಲಿ ಮನರಂಜನೆಯ ದಾರಿಗಳಿಗಾಗಿಯೇ ಒಂದು ಯೋಜನೆಯನ್ನು ರೂಪಿಸಿತು. ರಸ್ತೆಯಲ್ಲದ ಕಡೆ ಓಡುವ ಗಾಡಿಗಳು ಸುಡುವ ಇಂಧನಕ್ಕೆ ಕಟ್ಟಿದ ತೆರಿಗೆ ಮತ್ತೆ ದಾರಿಗಳಿಗೇ ಹೋಗಲಿ ಎಂಬುದು ಅದರ ತರ್ಕ. ಆ ಹಣದಲ್ಲಿ ಕನಿಷ್ಠ 30 ಪ್ರತಿಶತ ಯಂತ್ರದ ಗಾಡಿಗಳ ದಾರಿಗೆ, 30 ಪ್ರತಿಶತ ನಡೆಯುವವರ ಮತ್ತು ಸೈಕಲ್, ಕುದುರೆ ಸವಾರರ ದಾರಿಗೆ, ಉಳಿದ 40 ಪ್ರತಿಶತ ಹಲವು ಬಗೆಯ ಬಳಕೆದಾರರಿಗೆ ಒದಗುವ ದಾರಿಗೆ ಎಂದು ಹಂಚಿದ್ದಾರೆ. ಹಂಚಿಕೊಳ್ಳುವವರಿಗೆ ದೊಡ್ಡ ಪಾಲು ಇಟ್ಟದ್ದು ಜಾಣತನದ ಕೆಲಸ. ಆದರೆ ಒಂದೇ ದಾರಿಯಲ್ಲಿ ಒಂದೇ ದಿನ ಎಲ್ಲರೂ ಇರಬೇಕೆಂದು ಅದು ಹೇಳುವುದಿಲ್ಲ. ಬೇಸಿಗೆಯಲ್ಲಿ ಸೈಕಲ್, ಚಳಿಗಾಲದಲ್ಲಿ ಸ್ನೋಮೊಬೈಲ್ ಓಡುವ ದಾರಿಯೂ ಹಂಚಿಕೊಂಡ ದಾರಿಯೇ. ವಿಸ್ಕಾನ್ಸಿನ್ನಿನ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವೆ ರೈಲು ನಿಂತುಹೋದ ಮೇಲೆ ಹಳಿ ಕಿತ್ತು 1960ರ ದಶಕದಲ್ಲಿ ಮಾಡಿದ ದಾರಿ ಇಂದಿಗೂ ಹೀಗೆಯೇ ನಡೆದುಬಂದಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜಮೀನಿನ ಪ್ರಶ್ನೆ ಎಂದು ನಾನು ತಿಳಿಯುತ್ತೇನೆ. ವಿಸ್ಕಾನ್ಸಿನ್ನಿನ ಸ್ನೋಮೊಬೈಲ್ ದಾರಿಗಳಲ್ಲಿ ಬಹುಪಾಲು ಸರ್ಕಾರದ ಜಾಗದಲ್ಲಿಲ್ಲ, ರೈತರ ಹೊಲಗಳಲ್ಲಿ ಮತ್ತು ಖಾಸಗಿ ಕಾಡುಗಳಲ್ಲಿವೆ. ಕ್ಲಬ್ಬಿನವರು ಪ್ರತಿ ಜಮೀನುದಾರರ ಮನೆಗೆ ಹೋಗಿ ಒಪ್ಪಿಗೆ ಪಡೆಯುತ್ತಾರೆ. ಆ ಒಪ್ಪಿಗೆಗೆ ಒಂದು ಆಧಾರವಿದೆ: ಹೊಲ ಖಾಲಿಯಿರುತ್ತದೆ, ನೆಲ ಹೆಪ್ಪುಗಟ್ಟಿರುತ್ತದೆ, ಮೇಲೆ ಹಿಮದ ಹಾಸಿರುತ್ತದೆ, ವಸಂತದಲ್ಲಿ ಅದು ಕರಗಿಹೋದ ಮೇಲೆ ಗಾಡಿ ಹೋದ ಗುರುತೂ ಉಳಿಯುವುದಿಲ್ಲ. ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಎರೆ ಹೊಲಗಳಲ್ಲಿಯೂ ಇದೇ ನ್ಯಾಯ ನಡೆದುಬಂದಿದೆ. ಹಿಂಗಾರಿ ಜೋಳ, ಕಡಲೆ ರಾಶಿಯಾದ ಮೇಲೆ ಬೇಸಿಗೆಯಲ್ಲಿ ಬದುವಿನ ಆಚೆಯವನ ಚಕ್ಕಡಿ ನಮ್ಮ ಹೊಲದಲ್ಲಿ ಹಾಯ್ದು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಮಿರುಗದ ಮಳೆ ಬಿದ್ದ ಮೇಲೆ ಅದೇ ಚಕ್ಕಡಿ ಬಂದರೆ ಜಗಳ ತಹಶೀಲ್ದಾರ್ ಕಚೇರಿಯವರೆಗೆ ಹೋಗುತ್ತದೆ. ಎತ್ತು ಬದಲಾಗಿಲ್ಲ, ಚಕ್ಕಡಿ ಬದಲಾಗಿಲ್ಲ, ನೆಲದ ಹದ ಬದಲಾಗಿದೆ. ಹಸಿ ಎರೆಯಲ್ಲಿ ಬಿದ್ದ ಗಾಲಿಜಾಡು ಒಣಗಿದ ಮೇಲೆ ಕುಂಟೆಗೂ ಬಗ್ಗುವುದಿಲ್ಲ ಎಂಬುದು ಒಕ್ಕಲುತನ ಮಾಡಿದ ಎಲ್ಲರಿಗೂ ಗೊತ್ತು.

ಹೀಗಿರುವಾಗ ಹಿಮ ತೆಳುವಾದ ದಿನ ಒಂದು ಎಟಿವಿ ದಾರಿ ಬಿಟ್ಟು ಗೋಧಿಯ ಎಳೆ ಪೈರಿನ ಮೇಲೋ ಕುದುರೆ ಮಸಾಲೆಯ ಬೇರಿನ ಮೇಲೋ ತಿರುಗಾಡಿತೆಂದುಕೊಳ್ಳಿ. ರೈತ ಆ ಎಟಿವಿಯವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಮುಂದಿನ ವರ್ಷ ಒಪ್ಪಿಗೆ ಕೇಳಲು ಬಂದ ಕ್ಲಬ್ಬಿನವರಿಗೆ ಬಾಗಿಲು ಹಾಕುತ್ತಾನೆ. ಒಬ್ಬ ರೈತ ಒಲ್ಲೆನೆಂದರೆ ಎರಡು ಊರುಗಳ ನಡುವಿನ ಇಡೀ ದಾರಿಯೇ ತುಂಡಾಗುತ್ತದೆ. ಕ್ಲಬ್ಬಿನ ಹಳಬರ ವಿರೋಧವನ್ನು ಬರಿಯ ಹಟವೆಂದು ತಳ್ಳಿಹಾಕಲಾಗದಿರುವುದು ಈ ಕಾರಣದಿಂದ. ಅವರು ಕಾಯುತ್ತಿರುವುದು ಹಿಮವನ್ನಷ್ಟೇ ಅಲ್ಲ, ವರ್ಷಗಟ್ಟಲೆ ಮನೆಮನೆಗೆ ತಿರುಗಿ ಗಳಿಸಿದ ಒಪ್ಪಿಗೆಯನ್ನೂ ಕಾಯುತ್ತಿದ್ದಾರೆ.

ಹಾಗೆಂದು ಎಟಿವಿಯವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಮಿನ್ನೆಸೋಟಾದಲ್ಲಿ ಇಂದು ನೋಂದಾಯಿತ ಎಟಿವಿಗಳು ಸ್ನೋಮೊಬೈಲುಗಳಿಗಿಂತ ಹೆಚ್ಚಾಗಿವೆ. ಅವು ಶೋಕಿಯ ಗಾಡಿಗಳಷ್ಟೇ ಅಲ್ಲ: ರೈತರು ಮೇವು ಸಾಗಿಸುತ್ತಾರೆ, ಕಟ್ಟಿಗೆ ತರುತ್ತಾರೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋಗುವವರು ಅವನ್ನೇ ಬಳಸುತ್ತಾರೆ. ಹಿಮವಂತೂ ಮೊದಲಿನಂತೆ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. 2023-24ರ ಚಳಿಗಾಲ ಆ ಭಾಗದಲ್ಲಿ ಎಷ್ಟು ಬೆಚ್ಚಗಿತ್ತೆಂದರೆ ಎಷ್ಟೋ ದಾರಿಗಳು ಸರಿಯಾಗಿ ತೆರೆಯಲೇ ಇಲ್ಲ, ಸ್ನೋಮೊಬೈಲಿಗರನ್ನೇ ನೆಚ್ಚಿಕೊಂಡ ಸಣ್ಣ ಊರುಗಳ ಖಾನಾವಳಿ, ಲಾಡ್ಜುಗಳವರು ಕೈಕಟ್ಟಿ ಕೂತರು. ಯಮಹಾ ಕಂಪನಿ ಸ್ನೋಮೊಬೈಲ್ ತಯಾರಿಕೆಯಿಂದಲೇ ಹಿಂದೆ ಸರಿಯುವುದಾಗಿ 2023ರಲ್ಲಿ ಪ್ರಕಟಿಸಿತು. ಹಿಮವಿಲ್ಲದೆ ದಾರಿ ಬರಿದಾಗಿ ಬಿದ್ದಿರುವಾಗ ಗಾಲಿಯ ಗಾಡಿಗಳಿಗಾದರೂ ಬಿಡಿ ಎಂದು ಆ ಊರುಗಳ ಅಂಗಡಿಕಾರರು ಕೇಳುವುದು ಸಹಜ. ಗಾಲಿಯ ಜಾಗದಲ್ಲಿ ನಾಲ್ಕು ಸಣ್ಣ ಸುತ್ತುಪಟ್ಟಿಗಳನ್ನು ಜೋಡಿಸಿಕೊಂಡ ಎಟಿವಿಗಳೂ ಈಗ ಇವೆ. ಅವು ಹಿಮವನ್ನು ಒತ್ತುವುದು ಬಹಳ ಕಡಿಮೆ, ಅವನ್ನೂ ಗಾಲಿಯ ಗಾಡಿಗಳ ಪಟ್ಟಿಗೇ ಸೇರಿಸಿ ಹೊರಗಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಸ್ನೋಮೊಬೈಲಿಗರ ಕೈಯೂ ಶುದ್ಧವಾಗಿಲ್ಲ. ಮಂಜುಗಡ್ಡೆಯ ಮೇಲೆ ಹಿಡಿತ ಸಿಗಲೆಂದು ಪಟ್ಟಿಗೆ ಲೋಹದ ಮೊಳೆಗಳನ್ನು ಬಡಿಸುವವರಿದ್ದಾರೆ, ಡಾಂಬರು ಹಾಕಿದ ಸೈಕಲ್ ದಾರಿಗಳನ್ನು ಆ ಮೊಳೆಗಳು ಕೆತ್ತಿಹಾಕುತ್ತವೆ. ಸ್ಕೀ ಮಾಡುವವರಿಗಾಗಿ ಎರಡು ನೇರ ಗೆರೆ ಕೊರೆದು ಸಿದ್ಧಪಡಿಸಿದ ಹಿಮದ ಮೇಲೆ ಒಂದು ಸ್ನೋಮೊಬೈಲ್ ಹಾಯ್ದರೆ ಸಾಕು, ಆ ಗೆರೆ ಹೋಯಿತು. ಎಟಿವಿಯ ಮೇಲೆ ಇವರು ಹೇಳುವ ದೂರನ್ನು ಶಬ್ದಶಃ ಇವರ ಮೇಲೆ ಸ್ಕೀಯವರು ಹೇಳುತ್ತಾ ಬಂದಿದ್ದಾರೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1990ರ ದಶಕದಿಂದ ನಡೆದ ದೀರ್ಘ ವಿವಾದವಂತೂ ಪ್ರಸಿದ್ಧವೇ: ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳ ಹೊಗೆ ಎಷ್ಟಿತ್ತೆಂದರೆ ಪ್ರವೇಶದ್ವಾರದ ಸಿಬ್ಬಂದಿ ಮುಖಕವಚ ಹಾಕಿಕೊಂಡು ಕೂರಬೇಕಾಯಿತು. ಕೋರ್ಟು ಕಚೇರಿಗಳನ್ನೆಲ್ಲ ಸುತ್ತಿ, ಕೊನೆಗೆ 2013ರ ನಿಯಮದಲ್ಲಿ ಸ್ನೋಮೊಬೈಲ್ ತಂಡಗಳು ಮತ್ತು ಹಿಮದ ಬಸ್ಸುಗಳು ಸೇರಿ ದಿನಕ್ಕೆ 110ರ ಮಿತಿ ಹಾಕಿ, ಹೊಗೆ ಮತ್ತು ಸದ್ದಿಗೂ ಮಟ್ಟ ಗೊತ್ತುಮಾಡಿದರು.

ವೇಗದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಮಿನ್ನೆಸೋಟಾದ ಸಾರ್ವಜನಿಕ ಜಾಗಗಳಲ್ಲಿ ಸ್ನೋಮೊಬೈಲಿಗೆ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್ ಮಿತಿಯಿದೆ. ಆ ವೇಗದಲ್ಲಿ ರಾತ್ರಿ ತಿರುವು ದಾಟಿದ ಕೂಡಲೇ ಎದುರಿಗೆ ನಿಧಾನವಾಗಿ ಹೋಗುವ ಗಾಡಿ ಕಂಡರೆ ನಿಲ್ಲಿಸುವುದು ಕಷ್ಟ. ಕಬ್ಬಿನ ಹಂಗಾಮದಲ್ಲಿ ಹಿಂದೀಪವಿಲ್ಲದ ಟ್ರೇಲರುಗಳ ಹಿಂದೆ ಬೈಕು ಓಡಿಸಿದ ನಮ್ಮ ಜಿಲ್ಲೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೀಪ, ಫಲಕ, ವೇಗಮಿತಿಗಳಿಂದ ಈ ಅಪಾಯವನ್ನು ತಗ್ಗಿಸಬಹುದು. ಮೆತ್ತಗಾದ ಹಿಮವನ್ನು ಫಲಕ ಹಾಕಿ ಗಟ್ಟಿ ಮಾಡಲಾಗದು.

ನನ್ನ ನಿಲುವನ್ನು ಈಗ ನೇರವಾಗಿ ಹೇಳುತ್ತೇನೆ. ಹಿಮದ ರಸ್ತೆ ಇರುವಷ್ಟು ದಿನ ಅದನ್ನು ಮಾಡಿದವರಿಗೆ ಮೊದಲ ಹಕ್ಕು ಇರಬೇಕು, ಮತ್ತು ಗಾಲಿಯ ಎಟಿವಿಗಳಿಗೆ ಪ್ರವೇಶವನ್ನು ದಿನಾಂಕ ನೋಡಿ ಅಲ್ಲ, ತಾಪಮಾನ ಮತ್ತು ನೆಲ ನೋಡಿ ಕೊಡಬೇಕು. ಉತ್ತರ ವಿಸ್ಕಾನ್ಸಿನ್ನಿನ ಕೆಲವು ಕೌಂಟಿಗಳು ಈಗಾಗಲೇ ಹೀಗೆ ಮಾಡುತ್ತಿವೆ: ತಾಪಮಾನ ಗೊತ್ತಾದ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಗಾಲಿಯ ಗಾಡಿಗಳು ಗುರುತಿಸಿದ ದಾರಿಗಳಲ್ಲಿ ಹೋಗಬಹುದು, ಬಿಸಿಲೇರಿದರೆ ಇಲ್ಲ. ಮಿನ್ನೆಸೋಟಾದಲ್ಲಿ ಅನುದಾನದ ಸ್ನೋಮೊಬೈಲ್ ದಾರಿಗಳಿಗೆ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಎಂಬ ಹಂಗಾಮವಿದೆ. ಹಂಗಾಮ ಬೇಕು, ಆದರೆ ಹಿಮ ಪಂಚಾಂಗ ನೋಡಿ ಬೀಳುವುದಿಲ್ಲವಾದ್ದರಿಂದ ಅದೊಂದೇ ಸಾಲದು. ರೈಲು ಹಳಿಯ ಹಳೆಯ ದಿಣ್ಣೆಗಳ ಮೇಲಿನ ದಾರಿಗಳನ್ನು, ಕೆಳಗೆ ಜಲ್ಲಿಯ ಬುನಾದಿ ಗಟ್ಟಿಯಾಗಿರುವುದರಿಂದ, ಎರಡೂ ಬಗೆಯ ಗಾಡಿಗಳಿಗೆ ಧೈರ್ಯವಾಗಿ ಬಿಡಬಹುದು. ಹೊಲದ ಮೇಲಿನ ದಾರಿಗಳನ್ನು ಬಿಡಬಾರದು, ಅಲ್ಲಿ ಕ್ಲಬ್ಬಿಗೂ ಕೌಂಟಿಗೂ ಅಧಿಕಾರವಿಲ್ಲ, ರೈತನ ಮಾತೇ ಕೊನೆಯದು. ಗಾಲಿಯವರು ಬರುವ ದಾರಿಯ ಗ್ರೂಮರ್ ಖರ್ಚಿನಲ್ಲಿ ಅವರ ಪಾಲೂ ಇರಬೇಕು. ಪಾಸು ಕೊಂಡ ಮಾತ್ರಕ್ಕೆ ಮೆತ್ತಗಿನ ಹಿಮವನ್ನು ಅಗೆಯುವ ಹಕ್ಕು ಬರಬಾರದು. ಈ ಕೊನೆಯ ಮಾತಿನಲ್ಲಿ ತಂಗಿಯ ಮಗನಿಗೂ ನನಗೂ ಒಮ್ಮತವಾಗಿದೆ, ಹಳಿಯ ದಾರಿಗಳ ವಿಷಯದಲ್ಲಿ ಇನ್ನೂ ಇಲ್ಲ.

ಇದನ್ನೆಲ್ಲ ಬೆಳಗಾವಿಯಲ್ಲಿ ಕೂತು ಏಕೆ ಬರೆಯುತ್ತಿದ್ದೇನೆ ಎಂದು ಓದುಗರು ಕೇಳಬಹುದು. ಮಳೆಗಾಲದ ಶನಿವಾರ, ಭಾನುವಾರ ಜಾಂಬೋಟಿಯಿಂದ ಕಣಕುಂಬಿ, ಚೋರ್ಲಾ ಘಾಟಿನ ಕಡೆಗೆ ಹೋದವರಿಗೆ ಉತ್ತರ ಸಿಗುತ್ತದೆ. ಎತ್ತರದ ಟೈರು ಹಾಕಿಸಿಕೊಂಡ ಜೀಪುಗಳು, ಕಾಡುದಾರಿಗೆಂದೇ ಮಾರುವ ಬೈಕುಗಳು, ಬೆನ್ನಿಗೆ ಚೀಲ ಹಾಕಿ ನಡೆಯುವ ಚಾರಣಿಗರು, ಎಲ್ಲರೂ ಒಂದೇ ಕೆಮ್ಮಣ್ಣಿನ ದಾರಿಗಳಿಗೆ ಇಳಿಯುತ್ತಾರೆ. ನಡೆಯುವವನಿಗೆ ಬೈಕಿನವನ ಮೇಲೆ ಸಿಟ್ಟು, ಬೈಕಿನವನಿಗೆ ಜೀಪಿನವನ ಮೇಲೆ ಸಿಟ್ಟು. ಮಲಪ್ರಭೆ ಹುಟ್ಟುವ ಈ ಮಲೆನಾಡಿನ ಅಂಚಿನಲ್ಲಿ ಮಳೆ ವಿಪರೀತ. ಇಳಿಜಾರಿನ ದಾರಿಯಲ್ಲಿ ಜೀಪಿನ ಗಾಲಿ ತಿರುಗಿ ತೋಡಿದ ಜಾಡು ಮರುದಿನ ನೀರಿನ ಕಾಲುವೆಯಾಗುತ್ತದೆ, ಒಂದು ಹಂಗಾಮದಲ್ಲಿ ಮೊಣಕಾಲುದ್ದದ ಕೊರಕಲಾಗುತ್ತದೆ, ಆಮೇಲೆ ಬಂದವರು ಅದನ್ನು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುತ್ತಾರೆ. ಇಲ್ಲಿ ಗ್ರೂಮರ್ ಇಲ್ಲ. ಹಿಮ ಕರಗಿ ಗುರುತು ಅಳಿಸಿಹೋಗುವ ಅನುಕೂಲವೂ ಇಲ್ಲ.

ನಮ್ಮಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಎಣಿಕೆಯದು. ರೋಹ್ತಾಂಗ್ ಕಣಿವೆಗೆ ಹೋಗುವ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದಿನಕ್ಕೆ 1,000ದ ಮಿತಿ ಹಾಕಿತು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ನಮ್ಮ ರಾಜ್ಯದ ಅರಣ್ಯ ಇಲಾಖೆ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನರೆಂದು ಗೊತ್ತುಮಾಡಿತು. ಜನ ಹೆಚ್ಚಾಗಿ ಕೆಡುವ ಕಡೆ ಎಣಿಕೆ ಸರಿಯೇ. ಹಸಿ ನೆಲದಿಂದ ಕೆಡುವ ಕಡೆ ಅದು ಸಾಲದು. ಜುಲೈ ತಿಂಗಳ ಒಂದೇ ಜೀಪು ಮಾಡುವ ಹಾನಿಯನ್ನು ಫೆಬ್ರುವರಿಯ ಹತ್ತಾರು ಜೀಪುಗಳು ಮಾಡಲಾರವು.

ಇಲ್ಲಿ ಇನ್ನೊಂದು ಮಾತಿದೆ, ಅದು ವಿಸ್ಕಾನ್ಸಿನ್ನಿನಲ್ಲಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಒಳಗೆ ಆಮಗಾಂವ, ಗವಾಳಿ, ಪಾಸ್ತೋಳಿಯಂತಹ ಊರುಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ರೋಗಿಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹಳ್ಳ ದಾಟಿಸಿ ತಂದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದಿದ್ದೇವೆ. ಕ್ವೆಬೆಕ್ಕಿನ ಆ ಮೆಕ್ಯಾನಿಕ್ಕಿನ ಮನೆಯಲ್ಲಿ ಆದದ್ದೂ ಇದೇ ಬಗೆಯ ಸಂಕಟ. ಜಾಂಬೋಟಿಯ ಸುತ್ತಲಿನ ಕಾಡುದಾರಿಗಳೂ ಅಂಥ ಊರುಗಳ ಜನ ಸಂತೆಗೆ, ಶಾಲೆಗೆ, ದವಾಖಾನೆಗೆ ನಡೆಯುವ ದಾರಿಗಳೇ. ಶನಿವಾರ ಬರುವವರಿಗೆ ಮಾತ್ರ ಅವು ಮನರಂಜನೆಯ ದಾರಿಗಳು. ಹಂಚಿಕೆಯ ಲೆಕ್ಕವನ್ನು ಚಾರಣಿಗ, ಬೈಕಿನವ, ಜೀಪಿನವ ಎಂಬ ಮೂವರಿಂದ ಆರಂಭಿಸಿದರೆ ಮೊದಲ ಹಕ್ಕುದಾರನೇ ಹೊರಗುಳಿಯುತ್ತಾನೆ.

ಆದ್ದರಿಂದ ಖಾನಾಪುರ ತಾಲ್ಲೂಕಿನ ಮಟ್ಟಿಗೆ ನನ್ನ ಸಲಹೆ ಸರಳವಾಗಿದೆ. ವನ್ಯಜೀವಿಧಾಮದ ಹೊರಗಿನ ಮಣ್ಣಿನ ದಾರಿಗಳಲ್ಲಿ ಶೋಕಿಯ ವಾಹನಗಳಿಗೆ ಮೊದಲ ಮಳೆಯಿಂದ ನೆಲ ಗಟ್ಟಿಯಾಗುವವರೆಗೆ ಪ್ರವೇಶ ಬೇಡ. ಊರವರ ವಾಹನ, ಹಾಲಿನ ಬೈಕು, ಆಂಬುಲೆನ್ಸುಗಳಿಗೆ ಈ ನಿಯಮ ಅನ್ವಯಿಸುವುದು ಬೇಡ. ಬೇಸಿಗೆಯಲ್ಲಿ ಬರುವ ಜೀಪು, ಬೈಕುಗಳಿಂದ ಶುಲ್ಕ ತೆಗೆದುಕೊಂಡು, ಅದನ್ನು ದೂರದ ಖಜಾನೆಗೆ ಕಳಿಸದೆ ಅದೇ ಗ್ರಾಮ ಪಂಚಾಯಿತಿಯ ಕೈಗೆ ಕೊಟ್ಟು, ಇಳಿಜಾರುಗಳಿಗೆ ಗರಸು ಹಾಕಿಸುವುದಕ್ಕೂ ನೀರು ಅಡ್ಡ ಹಾಯಿಸುವ ಗಟಾರ ತೋಡಿಸುವುದಕ್ಕೂ ಬಳಸಬೇಕು. ದಾರಿ ತೆರೆಯುವ ದಿನವನ್ನು ಬೆಳಗಾವಿಯ ಕಚೇರಿಯಲ್ಲಿ ಕೂತು ಗೊತ್ತುಮಾಡುವುದು ಬೇಡ. ಗೇಟಿನ ಕೀಲಿ ಅರಣ್ಯ ಇಲಾಖೆಯ ಬೀಟಿನ ಸಿಬ್ಬಂದಿಯ ಹತ್ತಿರವೇ ಇರಲಿ, ಆದರೆ ತೆರೆಯುವ ಮೊದಲು ಅವರು ಊರಿನ ಇಬ್ಬರನ್ನು ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ನಡೆದುಹೋಗಿ, ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆಯೋ ಇಲ್ಲವೋ ನೋಡಿಕೊಂಡು ಬರಲಿ.